ಹೊಗೆ ಒಂದು ಚಿಪ್‌ಗೆ, ಹೊಡೆತ ಇನ್ನೊಂದಕ್ಕೆ

2009ರಲ್ಲಿ ಬಂದ ‘ಬ್ಯಾಟ್‌ಮನ್: ಆರ್ಕಮ್ ಅಸೈಲಮ್’ ಆಟವನ್ನು ಎರಡು ಕಂಪ್ಯೂಟರ್‌ಗಳಲ್ಲಿ ಅಕ್ಕಪಕ್ಕ ಆಡಿದ್ದರೆ ಎರಡು ಬೇರೆ ಲೋಕಗಳೇ ಕಾಣುತ್ತಿದ್ದವು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದ ಕಡೆ ನೆಲದ ಮೇಲಿನ ಕಾಗದಗಳು ಬ್ಯಾಟ್‌ಮನ್‌ನ ಕಾಲಿಗೆ ತಾಗಿ ಹಾರುತ್ತಿದ್ದವು, ಮಂಜು ಅವನ ಮೈ ಸುತ್ತ ಸುಳಿಯುತ್ತಿತ್ತು. ಬೇರೆ ಕಂಪನಿಯ ಕಾರ್ಡ್ ಇದ್ದ ಕಡೆ ಆ ಕಾಗದಗಳೂ ಇಲ್ಲ, ಆ ಮಂಜೂ ಇಲ್ಲ. ಹೊಡೆದಾಟ, ಜಿಗಿತ, ಶತ್ರುಗಳು ಬೀಳುವ ರೀತಿ ಮಾತ್ರ ಎರಡೂ ಕಡೆ ಒಂದೇ. ಕಾಗದ ಹಾರಿಸುತ್ತಿದ್ದ ಚಿಪ್ ಬೇರೆ, ಶತ್ರುವನ್ನು ಕೆಡವುತ್ತಿದ್ದ ಚಿಪ್ ಬೇರೆ.

ಆಟದೊಳಗಿನ ಭೌತಶಾಸ್ತ್ರ ಎಂದರೆ ಗಡಿಯಾರದ ಜೊತೆ ಪಂದ್ಯ ಕಟ್ಟಿದ ಲೆಕ್ಕ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಯಾವ ವಸ್ತು ಯಾವುದರ ಹತ್ತಿರ ಬಂದಿದೆ ಎಂದು ಮೊದಲು ಒರಟಾಗಿ ನೋಡಬೇಕು. ಪ್ರತಿ ವಸ್ತುವಿನ ಸುತ್ತ ಕಾಣದ ಪೆಟ್ಟಿಗೆಯೊಂದನ್ನು ಕಲ್ಪಿಸಿ, ಪೆಟ್ಟಿಗೆಗಳು ತಾಗಿದ ಜೋಡಿಗಳನ್ನಷ್ಟೇ ಉಳಿಸಿಕೊಳ್ಳುವುದು ರೂಢಿ. ಆಮೇಲೆ ನಿಜವಾಗಿ ಎಲ್ಲಿ ತಾಗಿತು, ಎಷ್ಟು ಒಳಹೊಕ್ಕಿತು ಎಂಬ ಸೂಕ್ಷ್ಮ ಲೆಕ್ಕ. ಕೊನೆಗೆ ಯಾವುದನ್ನು ಎಷ್ಟು ಹಿಂದೆ ತಳ್ಳಬೇಕೆಂಬ ತೀರ್ಮಾನ.

ಕಷ್ಟವೆಲ್ಲ ಈ ಕೊನೆಯ ಹೆಜ್ಜೆಯಲ್ಲಿದೆ. ಒಂದರ ಮೇಲೊಂದು ಹತ್ತು ಡಬ್ಬ ಪೇರಿಸಿದ್ದೀರಿ ಎನ್ನಿ. ಕೆಳಗಿನ ಡಬ್ಬ ಎರಡನೆಯದನ್ನು ಎತ್ತಿಹಿಡಿಯಬೇಕು, ಎರಡನೆಯದು ಮೂರನೆಯದನ್ನು. ಒಂದು ಜೋಡಿಯನ್ನು ಸರಿಪಡಿಸಿದರೆ ಪಕ್ಕದ ಜೋಡಿ ಕೆಡುತ್ತದೆ. ಹಾಗಾಗಿ ಪ್ರೋಗ್ರಾಂ ಜೋಡಿಯಿಂದ ಜೋಡಿಗೆ ಹೋಗುತ್ತ, ಹಿಂದಿನ ಉತ್ತರವನ್ನು ಮುಂದಿನದಕ್ಕೆ ಬಳಸುತ್ತ ಹಲವು ಸುತ್ತು ತಿರುಗುತ್ತದೆ. ಹೊಗೆಗೆ ಈ ತಾಪತ್ರಯವಿಲ್ಲ. ಲಕ್ಷ ಕಣಗಳಿದ್ದರೂ ಪ್ರತಿ ಕಣಕ್ಕೆ ತನ್ನ ವೇಗ, ಗಾಳಿ, ಗುರುತ್ವ ಗೊತ್ತಿದ್ದರೆ ಸಾಕು. ನಾಟಿಗೆ ನೂರು ಆಳು ಇಳಿದರೆ ಗದ್ದೆ ಬೇಗ ಮುಗಿಯುತ್ತದೆ, ಒಬ್ಬರ ಸಾಲಿಗಾಗಿ ಇನ್ನೊಬ್ಬರು ಕಾಯುವುದಿಲ್ಲ. ಹೊಗೆಯ ಲೆಕ್ಕ ಆ ಬಗೆಯದು.

ಗ್ರಾಫಿಕ್ಸ್ ಚಿಪ್ ಹುಟ್ಟಿರುವುದೇ ಇಂಥ ಕೆಲಸಕ್ಕೆ. ಎನ್‌ವಿಡಿಯಾ ಚಿಪ್‌ನಲ್ಲಿ 32 ಎಳೆಗಳು (ಥ್ರೆಡ್) ಒಂದು ಕಟ್ಟಾಗಿ ಒಂದೇ ಆದೇಶವನ್ನು ಒಟ್ಟಿಗೆ ಪಾಲಿಸುತ್ತವೆ; ಅದರ ಎದುರಾಳಿ ಎಎಮ್‌ಡಿಯ ಹಳೆಯ ಚಿಪ್‌ಗಳಲ್ಲಿ ಕಟ್ಟು 64 ಎಳೆಗಳದು. ಆದರೆ ‘ತಾಗಿದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ದಾರಿ ಕವಲೊಡೆದರೆ ಕಟ್ಟಿನ ಒಂದು ಭಾಗ ಸುಮ್ಮನೆ ಕೂರಬೇಕಾಗುತ್ತದೆ. ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್‌ಗೆ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು ಕಡಿಮೆ, ಆದರೆ ಯಾವ ಕವಲಿಗೆ ಹೋಗಬೇಕಾದೀತು ಎಂದು ಮುಂಚೆಯೇ ಊಹಿಸಿ ನುಗ್ಗುವ ಚಾತುರ್ಯ ಅದಕ್ಕಿದೆ. ಡಬ್ಬಗಳ ರಾಶಿಯನ್ನೂ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸಬಹುದು. ಒಂದೇ ಡಬ್ಬವನ್ನು ಹಂಚಿಕೊಳ್ಳದ ಜೋಡಿಗಳನ್ನು ಒಂದೊಂದು ಗುಂಪಾಗಿ ಸೇರಿಸಿ, ಗುಂಪು ಗುಂಪಾಗಿ ಬಿಡಿಸುವ ಉಪಾಯವಿದೆ.

ಆಗಲೂ ಉತ್ತರ ಹಿಂದಿರುಗಿ ಬರಬೇಕು. ಶತ್ರು ಸತ್ತನೇ, ಬಾಗಿಲು ತೆರೆಯಿತೇ ಎಂದು ತೀರ್ಮಾನಿಸುವುದು ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್‌ನಿಂದ ಆ ಉತ್ತರಕ್ಕಾಗಿ ಕಾಯುತ್ತ ಕುಳಿತರೆ ಆಟ ತಡವರಿಸುತ್ತದೆ. ಎರಡು ಕಂಪ್ಯೂಟರ್‌ಗಳು ಒಂದೇ ಲೆಕ್ಕವನ್ನು ತಂತಮ್ಮಷ್ಟಕ್ಕೆ ಮಾಡಿಕೊಳ್ಳುವ ಆನ್‌ಲೈನ್ ಆಟಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ 1,67,77,216ಕ್ಕೆ 1 ಕೂಡಿಸಿದರೆ ಸಂಖ್ಯೆ ಬದಲಾಗುವುದೇ ಇಲ್ಲ, ಇನ್ನೊಂದು 1 ಕೂಡಿಸಿದರೂ ಅಷ್ಟೇ. ಮೊದಲು 1 ಮತ್ತು 1 ಕೂಡಿಸಿ ಆಮೇಲೆ ಸೇರಿಸಿದರೆ 1,67,77,218 ಬರುತ್ತದೆ. ಸಾವಿರಾರು ಎಳೆಗಳು ಕೂಡಿಸುವ ಕ್ರಮ ಬದಲಾದರೆ ಉತ್ತರವೂ ಕೂದಲೆಳೆಯಷ್ಟು ಬದಲಾಗುತ್ತದೆ, ಕೆಲವು ಸೆಕೆಂಡುಗಳಲ್ಲಿ ಒಂದು ಕಡೆ ನಿಂತ ರಾಶಿ ಇನ್ನೊಂದು ಕಡೆ ಕುಸಿದಿರುತ್ತದೆ. ಆಟದ ಗತಿಯನ್ನು ಬದಲಿಸದ ಹೊಗೆ, ಬಟ್ಟೆ, ಗಾಜಿನ ಚೂರುಗಳಷ್ಟೇ ಗ್ರಾಫಿಕ್ಸ್ ಕಾರ್ಡ್‌ನ ಪಾಲಿಗೆ ಬಂದದ್ದು ಇದಕ್ಕೇ.

ಭೌತಶಾಸ್ತ್ರದ ಲೆಕ್ಕಕ್ಕೆಂದೇ ಮೂರನೆಯ ಚಿಪ್ ಮಾಡಿದವರೂ ಇದ್ದರು. ಅಮೆರಿಕದ ಏಜಿಯಾ ಕಂಪನಿ 2006ರಲ್ಲಿ ‘ಫಿಸ್‌ಎಕ್ಸ್’ ಎಂಬ ಪ್ರತ್ಯೇಕ ಕಾರ್ಡನ್ನೇ ಮಾರುಕಟ್ಟೆಗೆ ತಂದಿತು. ಅದನ್ನು ಬಳಸುವ ಆಟಗಳು ಬೆರಳೆಣಿಕೆಯಷ್ಟಿದ್ದವು, ಕೊಳ್ಳುವವರು ಹೆಚ್ಚು ಸಿಗಲಿಲ್ಲ. 2008ರಲ್ಲಿ ಎನ್‌ವಿಡಿಯಾ ಆ ಕಂಪನಿಯನ್ನು ಕೊಂಡು, ತಂತ್ರಾಂಶವನ್ನು ತನ್ನ ಜಿಫೋರ್ಸ್ ಕಾರ್ಡ್‌ಗಳ ಮೇಲೆ ಓಡಿಸಿತು. ಎದುರಾಳಿಯ ಕಾರ್ಡ್ ಇದ್ದವರಿಗೆ ಉಳಿದದ್ದು ಅದೇ ಲೆಕ್ಕವನ್ನು ಪ್ರೊಸೆಸರ್ ಮೇಲೆ ಹೇರುವ ದಾರಿ; ಹಾಗೆ ಮಾಡಿದರೆ ಆಟ ತೆವಳುತ್ತಿತ್ತು.

ತೆವಳಿದ್ದು ಪ್ರೊಸೆಸರ್‌ನ ದೌರ್ಬಲ್ಯದಿಂದ ಮಾತ್ರವಲ್ಲ. 2010ರಲ್ಲಿ ಚಿಪ್ ವಿಶ್ಲೇಷಕ ಡೇವಿಡ್ ಕ್ಯಾಂಟರ್ ಆ ತಂತ್ರಾಂಶ ಓಡುವಾಗ ಪ್ರೊಸೆಸರ್ ಒಳಗೆ ನಡೆಯುವುದನ್ನು ಅಳೆದು ನೋಡಿದರು. ಅದು ಬಳಸುತ್ತಿದ್ದದ್ದು ಬಹುಪಾಲು ಎಕ್ಸ್87 ಆದೇಶಗಳನ್ನು. ಅವು 1980ರ ಇಂಟೆಲ್ 8087 ಚಿಪ್‌ನ ಕಾಲದವು. ಒಂದೇ ಏಟಿಗೆ ನಾಲ್ಕು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಎಸ್‌ಎಸ್‌ಇ ಆದೇಶಗಳು 1999ರಿಂದಲೂ ಪ್ರೊಸೆಸರ್‌ಗಳಲ್ಲಿದ್ದವು. ಫಿಸ್‌ಎಕ್ಸ್‌ನ 2011ರ 3ನೇ ಆವೃತ್ತಿಯಲ್ಲಿ ಎಸ್‌ಎಸ್‌ಇ ಮತ್ತು ಹಲವು ಕೋರ್‌ಗಳ ಬಳಕೆ ಸುಧಾರಿಸಿತು. ಅದಕ್ಕೂ ಮುಂಚಿನ ಹೋಲಿಕೆಗಳನ್ನು ನೋಡಿ ‘ಪ್ರೊಸೆಸರ್‌ಗೆ ಇದು ಆಗದ ಕೆಲಸ’ ಎಂದು ತೀರ್ಪು ಕೊಡುವುದು ಅನ್ಯಾಯ.

ಒಂದೇ ಕಂಪನಿಯ ಕೈಯಲ್ಲಿರುವ ತಂತ್ರಾಂಶಕ್ಕೆ ಆಟಗಳನ್ನು ಕಟ್ಟಿಹಾಕುವುದು ಎಷ್ಟು ಅಪಾಯವೆಂದು 2025ರಲ್ಲಿ ಗೊತ್ತಾಯಿತು. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿ 32 ಬಿಟ್ ಕುಡಾ (ಗ್ರಾಫಿಕ್ಸ್ ಚಿಪ್‌ನಲ್ಲಿ ಇಂಥ ಲೆಕ್ಕ ಓಡಿಸುವ ಎನ್‌ವಿಡಿಯಾ ತಂತ್ರಾಂಶ) ಬೆಂಬಲವನ್ನು ಕೈಬಿಟ್ಟಾಗ, ಆ ಕಾಲದ ಆಟಗಳ ಹೊಗೆ, ಬಟ್ಟೆ, ಗಾಜೆಲ್ಲ ಮತ್ತೆ ಪ್ರೊಸೆಸರ್ ತಲೆಗೆ ಬಿದ್ದವು. ಹದಿನೈದು ವರ್ಷ ಹಳೆಯ ಆಟ ಅತಿ ಹೊಸ ಕಾರ್ಡ್‌ನಲ್ಲಿ ಮುಗ್ಗರಿಸಿತು. ಆಟಗಾರರು ದೂರಿದ ಮೇಲೆ ಡಿಸೆಂಬರ್‌ನಲ್ಲಿ ಕೆಲವು ಆಟಗಳಿಗೆ ಬೆಂಬಲ ಮರಳಿತು. ಅದೇ ವರ್ಷ ಫಿಸ್‌ಎಕ್ಸ್‌ನ ಗ್ರಾಫಿಕ್ಸ್ ಚಿಪ್ ಭಾಗದ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆಯಿತು. ಒಳ್ಳೆಯ ಕೆಲಸ, ಆದರೆ ತೆರೆದದ್ದು 5ನೇ ಆವೃತ್ತಿ. ಆ ಹಳೆಯ ಆಟಗಳು ಬಹುಪಾಲು ನಿಂತಿರುವುದು 2ನೇ ಆವೃತ್ತಿಯ ಮೇಲೆ.

ಈಗಿನ ಅನ್‌ರಿಯಲ್ ಎಂಜಿನ್‌ನಂಥ ಆಟ ಕಟ್ಟುವ ಸಾಧನಗಳಲ್ಲಿ ಕಿಡಿ, ಹೊಗೆಗಳ ಲೆಕ್ಕ ಯಾವ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಮೇಲಾದರೂ ಓಡುತ್ತದೆ. ಗಟ್ಟಿ ವಸ್ತುಗಳ ಡಿಕ್ಕಿ ಬಹುಮಟ್ಟಿಗೆ ಪ್ರೊಸೆಸರ್‌ನಲ್ಲೇ ಉಳಿದಿದೆ. ಕಾರುಗಳು ನಿಜದಂತೆ ನುಜ್ಜುಗುಜ್ಜಾಗುವ ‘ಬೀಮ್‌ಎನ್‌ಜಿ ಡ್ರೈವ್’ ಆಟದಲ್ಲಿ ಒಂದೊಂದು ಕಾರೂ ನೂರಾರು ಬಿಂದುಗಳನ್ನು ಜೋಡಿಸಿದ ಬಲೆ. ಅದರ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಅಲ್ಲಿ ಒಂದೇ ಕಾರಿನ ಬಿಂದುಗಳು ಪರಸ್ಪರ ಎಳೆದಾಡುವುದರಿಂದ ಇಡೀ ಕಾರಿನ ಕೆಲಸ ಪ್ರೊಸೆಸರ್‌ನ ಒಂದು ಎಳೆಗೆ ಹೋಗುತ್ತದೆ, ಇನ್ನೊಂದು ಕಾರು ಇನ್ನೊಂದು ಎಳೆಗೆ. ರಸ್ತೆಯಲ್ಲಿ ಹೆಚ್ಚು ಕಾರು ಬೇಕಿದ್ದವರು ಗ್ರಾಫಿಕ್ಸ್ ಕಾರ್ಡ್‌ಗಿಂತ ಮೊದಲು ಪ್ರೊಸೆಸರ್‌ನ ಕೋರ್‌ಗಳನ್ನು ಎಣಿಸಬೇಕು.