ಸ್ಟೆಪ್ನಿ ಹೊರುವ ತೋಳು ಮತ್ತು ಎರಡು ಮಿಲಿಮೀಟರಿನ ಸಂದು

ಗಾಡಿಯ ಹೆಚ್ಚುವರಿ ಚಕ್ರವನ್ನು ನಾವು 'ಸ್ಟೆಪ್ನಿ' ಎನ್ನುತ್ತೇವಷ್ಟೆ. ಅದು ವೇಲ್ಸ್ ಪ್ರಾಂತ್ಯದ ಲನೆಲಿ ಎಂಬ ಊರಿನ ಒಂದು ಬೀದಿಯ ಹೆಸರು. ಮೊದಮೊದಲ ಕಾರುಗಳಲ್ಲಿ ಬದಲಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ಆ ಬೀದಿಯಲ್ಲಿ ಡೇವಿಸ್ ಸಹೋದರರು ಅಂಥ ಚಕ್ರವನ್ನು ಮಾರತೊಡಗಿದರು. ಹುಟ್ಟಿದ ನಾಡಿನಲ್ಲಿ ಬಹುಮಟ್ಟಿಗೆ ಮರೆತುಹೋದ ಈ ಪದ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬಾಳುತ್ತಿದೆ.

ಮಾರುತಿ ಜಿಪ್ಸಿ, ಮಹೀಂದ್ರ ಥಾರ್, ಅಮೆರಿಕದ ಜೀಪ್ ರ್ಯಾಂಗ್ಲರ್ ಮುಂತಾದ ಕಚ್ಚಾದಾರಿಯ ಗಾಡಿಗಳಲ್ಲಿ ಸ್ಟೆಪ್ನಿ ಇರುವುದು ಹಿಂಬಾಗಿಲ ಮೇಲೆ. ಬಾಗಿಲಿನ ಕೀಲುಗಳನ್ನು ಕಾರ್ಖಾನೆಯವರು ಮೂಲ ಚಕ್ರದ ತೂಕಕ್ಕೆ ತಕ್ಕಂತೆ ಮಾಡಿರುತ್ತಾರೆ. ಉತ್ಸಾಹಿಗಳು 35 ಅಥವಾ 37 ಅಂಗುಲದ ಟೈರು ಹಾಕಿದಾಗ, ರಿಮ್ಮಿನೊಡನೆ ಅದರ ತೂಕ 40 ಕಿ.ಗ್ರಾಂ. ಮುಟ್ಟುತ್ತದೆ, ಮೀರುವುದೂ ಉಂಟು. ಬಾಗಿಲು ಜೋತುಬೀಳುತ್ತದೆ, ಕೀಲಿನ ಸುತ್ತ ತಗಡು ಬಿರಿಯುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದೇ ದಪ್ಪ ಉಕ್ಕಿನ ಹಿಂಬಂಪರು ಮತ್ತು ಅದರ ಒಂದು ತುದಿಯಲ್ಲಿ ಗೇಟಿನಂತೆ ತೆರೆದುಕೊಳ್ಳುವ ತೋಳು. ಈಗ ಚಕ್ರದ ಭಾರ ಬಾಗಿಲಿಗಲ್ಲ, ಬಂಪರಿನ ಮೂಲಕ ನೇರವಾಗಿ ಚಾಸಿಗೆ ಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕಾರ್ಖಾನೆಯಿಂದ ಹೊರಬಂದ ಗಾಡಿಯ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ. ಕ್ರ್ಯಾಷ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಆದ್ದರಿಂದ ಇಂಥ ಬಂಪರು ಹಾಕಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಈಗಾಗಲೇ ಹಾಕಿಸಿದವರ ಗಾಡಿಯ ಹಿಂದೆ ಬರುವ ಬೈಕ್ ಸವಾರನ ಜೀವ ಮಾತ್ರ ಆ ತೋಳಿನ ಗಟ್ಟಿತನವನ್ನು ನಂಬಿರುತ್ತದೆ. ಅದಕ್ಕಾಗಿಯೇ ಈ ಲೇಖನ.

ಮೊದಲು ಸನ್ನೆಯ ಲೆಕ್ಕ ನೋಡೋಣ. ಚಕ್ರ ಮತ್ತು ತೋಳು ಸೇರಿ 50 ಕಿ.ಗ್ರಾಂ. ಎನ್ನಿ. ಅದರ ಗುರುತ್ವ ಕೇಂದ್ರ ಸ್ಪಿಂಡಲಿನಿಂದ 70 ಸೆಂ.ಮೀ. ದೂರದಲ್ಲಿದೆ. ಸ್ಪಿಂಡಲಿನ ಮೇಲಿನ ಮತ್ತು ಕೆಳಗಿನ ಬೇರಿಂಗುಗಳ ನಡುವೆ ಇರುವ ಅಂತರ 10 ಸೆಂ.ಮೀ. ಮಾತ್ರ. ತೋಳು ತೆರೆದಿರುವಾಗ ಒಂದೊಂದು ಬೇರಿಂಗೂ ತಡೆಯಬೇಕಾದ ಅಡ್ಡಬಲ 70ನ್ನು 10ರಿಂದ ಭಾಗಿಸಿದಷ್ಟು, ಅಂದರೆ ತೂಕದ ಏಳು ಪಟ್ಟು, 350 ಕಿ.ಗ್ರಾಂ. ಭಾರಕ್ಕೆ ಸಮ. ತೋಳನ್ನು ಮುಚ್ಚಿದಾಗ ಇನ್ನೊಂದು ತುದಿ ಚಿಲಕದ ಬಳಿಯ ಆಸರೆಯ ಮೇಲೆ ಕೂರುವುದರಿಂದ ಈ ಹೊರೆ ಬಹಳ ಇಳಿಯುತ್ತದೆ. ಆದರೆ ಅದು ಬಿಗಿಯಾಗಿ ಕೂರಬೇಕು. ಆಸರೆ ಸವೆದು ಸಂದು ಬಿದ್ದರೆ, ಗಾಡಿ ನಿಂತಾಗ ಮುಚ್ಚಿದಂತೆ ಕಂಡರೂ ಓಡುವಾಗ ಆ ತೋಳು ಅರ್ಧ ತೆರೆದ ತೋಳೇ.

ಈ ಸಂದು ಎಷ್ಟು ಕೆಡುಕು ಮಾಡುತ್ತದೆಂಬುದನ್ನು ಅನೇಕರು ಊಹಿಸುವುದಿಲ್ಲ. ತನ್ನ ತೂಕದಿಂದ ತೋಳು ಸಹಜವಾಗಿ ಅರ್ಧ ಮಿ.ಮೀ. ಬಾಗುತ್ತದೆ ಎಂದುಕೊಳ್ಳಿ. ಭಾರವನ್ನು ನಿಧಾನವಾಗಿ ಇಳಿಸಿದರೆ ಲೋಹದೊಳಗಿನ ಪೀಡನ ಅಷ್ಟಕ್ಕೇ ನಿಲ್ಲುತ್ತದೆ. ಎತ್ತರದಿಂದಲ್ಲದಿದ್ದರೂ, ಅದೇ ಭಾರವನ್ನು ಥಟ್ಟನೆ ಬಿಟ್ಟರೆ ಪೀಡನ ಎರಡು ಪಟ್ಟಾಗುತ್ತದೆ. ಇನ್ನು ಸಂದಿನಷ್ಟು ಎತ್ತರದಿಂದ ಬಿದ್ದರೆ? ಬೀಳುವಾಗ ಕಳೆದುಕೊಂಡ ಪ್ರಚ್ಛನ್ನ ಶಕ್ತಿಯೆಲ್ಲ ಲೋಹವನ್ನು ಬಾಗಿಸುವ ಶಕ್ತಿಯಾಗಬೇಕು. ಈ ಸಮೀಕರಣವನ್ನು ಬಿಡಿಸಿದರೆ ಪೆಟ್ಟಿನ ಗುಣಕ ಹೀಗೆ ದೊರೆಯುತ್ತದೆ: ಸಂದಿನ ಇಮ್ಮಡಿಯನ್ನು ಸಹಜ ಬಾಗಿನಿಂದ ಭಾಗಿಸಿ, ಒಂದನ್ನು ಕೂಡಿ, ವರ್ಗಮೂಲ ತೆಗೆದು, ಮತ್ತೆ ಒಂದನ್ನು ಕೂಡಿ. ಸಂದು 2 ಮಿ.ಮೀ. ಇದ್ದರೆ 4ನ್ನು 0.5ರಿಂದ ಭಾಗಿಸಿದಾಗ 8, ಒಂದು ಕೂಡಿದರೆ 9, ವರ್ಗಮೂಲ 3, ಗುಣಕ 4. ಎರಡು ಮಿಲಿಮೀಟರು ಎಂದರೆ ಒಂದು ನಾಣ್ಯದ ದಪ್ಪ. ಪ್ರತಿ ಗುಂಡಿಯಲ್ಲೂ ಅದು 50 ಕಿಲೋವನ್ನು 200 ಕಿಲೋ ಮಾಡುತ್ತದೆ.

ಇದೊಂದು ಅಂದಾಜು, ನಿಜ. ಆದರೂ ಇದರಿಂದ ಹೊರಡುವ ಒಂದು ಮಾತು ಗ್ಯಾರೇಜುಗಳ ನಂಬಿಕೆಗೆ ವಿರುದ್ಧವಾಗಿದೆ. 'ಇನ್ನೂ ದಪ್ಪ ಪ್ಲೇಟು ಹಾಕಿಬಿಡಿ ಸಾರ್, ಏನೂ ಆಗಲ್ಲ' ಎಂಬ ಸಲಹೆ ನೀವೂ ಕೇಳಿರುತ್ತೀರಿ. ತೋಳನ್ನು ಗಡುಸು ಮಾಡಿ ಸಹಜ ಬಾಗನ್ನು ಕಾಲು ಮಿ.ಮೀ.ಗೆ ಇಳಿಸಿದರೆ, ಅದೇ ಸಂದಿಗೆ ಗುಣಕ 4ರಿಂದ ಸುಮಾರು 5ಕ್ಕೆ ಏರುತ್ತದೆ. ಸೇರಿಸಿದ ಉಕ್ಕಿನ ಲಾಭದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಸಂದು ಮುಚ್ಚುವ ಒಂದು ರಬ್ಬರು ಮೆತ್ತೆ ಅದಕ್ಕಿಂತ ಅಗ್ಗ, ಅದಕ್ಕಿಂತ ಮೇಲು.

ಒಂದೇ ಪೆಟ್ಟಿಗೆ ತೋಳು ಮುರಿಯುವುದಿಲ್ಲ; ಲೋಹ ದಣಿಯುತ್ತದೆ. 1842ರ ಮೇ 8ರಂದು ಪ್ಯಾರಿಸ್ ಬಳಿ ವರ್ಸೇಲ್ಸ್ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹಲವಾರು ಪ್ರಯಾಣಿಕರು ಸತ್ತ ಮೇಲೆ ಈ ದಣಿವು ವಿಜ್ಞಾನಿಗಳ ಗಮನ ಸೆಳೆಯಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಪೀಡನಕ್ಕೂ ಬಾಳಿಕೆಗೂ ಇರುವ ನಂಟನ್ನು ತೋರಿಸಿದ. ಬೆಸುಗೆ ಹಾಕಿದ ಉಕ್ಕಿನಲ್ಲಿ ಬಾಳಿಕೆ ಸರಿಸುಮಾರು ಪೀಡನದ ಘನಕ್ಕೆ ವಿಲೋಮವಾಗಿರುತ್ತದೆ. ಪೀಡನ ಎರಡರಷ್ಟಾದರೆ ಬಾಳಿಕೆ ಎಂಟನೆಯ ಒಂದು ಭಾಗ. ಎಂಟು ವರ್ಷ ಬರಬೇಕಾದ ಬೆಸುಗೆ ಒಂದೇ ವರ್ಷಕ್ಕೆ ಬಿರಿಯುತ್ತದೆ.

ಹಾಗಾದರೆ ನೀವು ಮಾಡಬೇಕಾದ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತೋಳನ್ನು ಮುಚ್ಚಿ, ಚಿಲಕ ಹಾಕಿ, ಚಕ್ರವನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಇಡೀ ಗಾಡಿ ಅಲುಗಬೇಕು. ಚಕ್ರ ಮಾತ್ರ ಅಲುಗಬಾರದು. 'ಟಕ್' ಎಂಬ ಸದ್ದು ಕೇಳಿದರೆ ಅದು ಚಿಲಕದ ಕಡೆಯದೋ ಸ್ಪಿಂಡಲಿನದೋ ನೋಡಿ. ಚಿಲಕದ ಕಡೆಯದಾದರೆ ಅದರ ತಿರುಪನ್ನು ಸ್ವಲ್ಪ ಸ್ವಲ್ಪ ಬಿಗಿಮಾಡಿ, ಮುಚ್ಚುವಾಗ ರಬ್ಬರು ತುಸು ಅದುಮುವಂತೆ ಹೊಂದಿಸಿ. ರಬ್ಬರು ಬಿಸಿಲಿಗೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಚಿಲಕ ತಾನಾಗಿ ಬಿಚ್ಚದಂತೆ ತಡೆಯುವ ಅಡ್ಡಪಿನ್ನನ್ನು ಪ್ರತಿ ಸಲವೂ ಹಾಕಿ.

ಅಲುಗಾಟ ಸ್ಪಿಂಡಲಿನಲ್ಲಿದ್ದರೆ ಕಾರಣ ಕುತೂಹಲಕರ. ಇಲ್ಲಿ ಬೇರಿಂಗು ಸುತ್ತುವುದೇ ಅಪರೂಪ, ಸಾವಿರಾರು ಕಿ.ಮೀ. ಒಂದೇ ಜಾಗದಲ್ಲಿ ನಿಂತು ಕಂಪಿಸುತ್ತದೆ. ಉರುಳೆ ತಾಗುವ ಜಾಗದಿಂದ ಗ್ರೀಸು ಹಿಂಡಿಹೋಗಿ, ಲೋಹಕ್ಕೆ ಲೋಹ ಉಜ್ಜಿ, ಸಣ್ಣ ತಗ್ಗುಗಳು ಬೀಳುತ್ತವೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಹೊಸ ಕಾರುಗಳನ್ನು ರೈಲಿನ ಮೇಲೆ ದೂರ ಸಾಗಿಸಿದಾಗ, ಒಂದು ಮೈಲಿಯೂ ಓಡದ ಅವುಗಳ ಬೇರಿಂಗಿನಲ್ಲಿ ಇಂಥ ತಗ್ಗುಗಳು ಕಂಡಿದ್ದವು. ಆದ್ದರಿಂದ ಸ್ಟೆಪ್ನಿ ಬೇಕಾಗದಿದ್ದರೂ ವಾರಕ್ಕೊಮ್ಮೆ ತೋಳನ್ನು ಪೂರ್ತಿ ತೆರೆದು ಮುಚ್ಚಿ; ಗ್ರೀಸು ಮತ್ತೆ ಹರಡಿಕೊಳ್ಳುತ್ತದೆ. ಹೊಳೆ ದಾಟಿದ ಮೇಲೆ ಹೊಸ ಗ್ರೀಸು ತುಂಬಿ, ಹಳೆಯದು ನೀರು ಬೆರೆತು ಹೊರಬರುವವರೆಗೂ.

ಬೋಲ್ಟುಗಳ ವಿಷಯ ಚಿಕ್ಕದು. ಪೌಡರ್ ಕೋಟಿಂಗ್ ದಪ್ಪವಾಗಿದ್ದರೆ ವಾಷರಿನಡಿ ಅದು ಮೆಲ್ಲಗೆ ಅದುಮಿಹೋಗಿ ಬಿಗಿ ಕಡಿಮೆಯಾಗುತ್ತದೆ. ಹೊಸದಾಗಿ ಅಳವಡಿಸಿದವರು ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಮಾಡಬೇಕು. ತಲೆಯ ಮೇಲೆ 8.8 ಎಂದಿರುವ 12 ಮಿ.ಮೀ. ಬೋಲ್ಟಿಗೆ ಸುಮಾರು 80 ನ್ಯೂಟನ್-ಮೀಟರ್ ವಾಡಿಕೆ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಬಿಗಿದ ನಟ್ಟಿನಿಂದ ಬಂಪರಿನ ಮೇಲಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ.

ಇನ್ನು ತುಕ್ಕು. ತುಕ್ಕಿನ ಗಾತ್ರ ಕರಗಿದ ಕಬ್ಬಿಣದ ಗಾತ್ರಕ್ಕಿಂತ ಹೆಚ್ಚು. ಆದ್ದರಿಂದಲೇ ಬಣ್ಣ ಉಬ್ಬುತ್ತದೆ. ಮಲೆನಾಡಿನ ಕೆಂಪುಮಣ್ಣು ಬಂಪರಿನ ಟೊಳ್ಳು ಕೊಳವೆಯೊಳಗೆ ಕೂತರೆ ಮಳೆ ನಿಂತು ವಾರಗಳಾದರೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ಕರಾವಳಿಯಲ್ಲಿ ಉಪ್ಪು ಸೇರಿ ಕೇಡು ಇನ್ನೂ ಚುರುಕು. ಕೆಳಭಾಗದ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಒಳಗೆ ನೀರು ಹಾಯಿಸಿ, ಒಣಗಿದ ಮೇಲೆ ಮೇಣದ ಲೇಪ ಸಿಂಪಡಿಸಿ. ಹೊರಗೆ ಕಿತ್ತ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸತು ಹೆಚ್ಚಿರುವ ಪ್ರೈಮರ್ ಬಳಿದು ಆಮೇಲೆ ಬಣ್ಣ ಹಚ್ಚಬೇಕು. ಉಕ್ಕಿಗಿಂತ ಮೊದಲು ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ.

ಬೆಸುಗೆಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅದನ್ನು ಬರಿಯ ತುಕ್ಕೆಂದು ಬಗೆದು ಬಣ್ಣ ಬಳಿಯಬೇಡಿ, ಅದು ಬಿರುಕಾಗಿರಬಹುದು. ರೈಲ್ವೆ ಕಾರ್ಯಾಗಾರಗಳ ಹಳೆಯ ಉಪಾಯವೊಂದಿದೆ. ಆ ಜಾಗದ ಬಣ್ಣ ತೆಗೆದು, ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ ಲೋಮನಾಳ ಕ್ರಿಯೆಯಿಂದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪುಗೆರೆ ಮೂಡುತ್ತದೆ. ಹತ್ತಿರದಲ್ಲಿ ಬೆಂಕಿ ಇರದಂತೆ ನೋಡಿಕೊಳ್ಳಿ.

ಬಿರುಕಿನ ಮೇಲೆಯೇ ಬೆಸುಗೆ ಎಳೆಸಿದರೆ ಅದು ಒಳಗೇ ಉಳಿದು ಬೆಳೆಯುತ್ತದೆ. ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದು, ಬಿರುಕನ್ನು ತಳದವರೆಗೆ ಅರೆದು ತೆಗೆದು, ಎಣ್ಣೆಯ ಪಸೆ ಉಳಿಯದಂತೆ ಶುಚಿಮಾಡಿದ ಮೇಲೆ ಪಳಗಿದ ಕೈಯಿಂದ ಬೆಸುಗೆ ಹಾಕಿಸಬೇಕು. ಸಾಧ್ಯವಾದರೆ ತೋಳನ್ನು ಗಾಡಿಯಿಂದ ಬಿಚ್ಚಿಯೇ ಮಾಡಿಸಿ. ಇಲ್ಲವಾದರೆ ಬ್ಯಾಟರಿಯ ತಂತಿ ಕಳಚಿ, ಬೆಸುಗೆ ಯಂತ್ರದ ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಿ. ಇಲ್ಲದಿದ್ದರೆ ನೂರಾರು ಆಂಪಿಯರ್ ವಿದ್ಯುತ್ತು ಆ ಬೇರಿಂಗಿನ ಮೂಲಕವೋ ಎಂಜಿನ್ನಿನ ಕಂಪ್ಯೂಟರಿನ ಮೂಲಕವೋ ದಾರಿ ಹುಡುಕಿಕೊಂಡೀತು.