ಮನೆ ಮಾರುವವರ ಬೆನ್ನಿಗೆ ಮನಿಲಾದ ರಾತ್ರಿಪಾಳಿ

ಕ್ಯಾಲಿಫೋರ್ನಿಯಾದಲ್ಲಿ ಮನೆ ಖರೀದಿಯ ಕರಾರಿಗೆ ಎರಡೂ ಕಡೆಯ ಸಹಿ ಬಿತ್ತೆಂದರೆ ಅಲ್ಲಿಂದಾಚೆ ಎಲ್ಲವೂ ಗಡುವಿನ ಲೆಕ್ಕ. ಅಲ್ಲಿನ ಏಜೆಂಟರು ಸಾಮಾನ್ಯವಾಗಿ ಬಳಸುವ ಅಚ್ಚಾದ ನಮೂನೆಯ ಪ್ರಕಾರ 3 ಕೆಲಸದ ದಿನಗಳೊಳಗೆ ಮುಂಗಡ ಜಮೆಯಾಗಬೇಕು. 7 ದಿನದೊಳಗೆ ಮಾರುವವರು ಮನೆಯ ಲೋಪದೋಷಗಳನ್ನು ಬರೆದುಕೊಡಬೇಕು. 17 ದಿನದೊಳಗೆ ಕೊಳ್ಳುವವರು ತಪಾಸಣೆ ಮಾಡಿಸಿ, ಸಾಲದ ವ್ಯವಸ್ಥೆ ನೋಡಿಕೊಂಡು, ಮುಂದುವರಿಯುತ್ತೇವೋ ಇಲ್ಲವೋ ಹೇಳಬೇಕು. ಈ ಲೆಕ್ಕ ಇಡುವವರು ಬಹಳ ಸಲ ಆ ಊರಿನಲ್ಲೂ ಇರುವುದಿಲ್ಲ, ಆ ದೇಶದಲ್ಲೂ ಇರುವುದಿಲ್ಲ. ಪೆಸಿಫಿಕ್ ಸಾಗರದ ಆಚೆ ದಡದಲ್ಲಿ, ಮನಿಲಾದಲ್ಲೋ ಸೆಬುವಿನಲ್ಲೋ ದಾವಾವೊದಲ್ಲೋ, ನಡುರಾತ್ರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ.

ಇವರಿಗೆ ವರ್ಚುವಲ್ ಅಸಿಸ್ಟೆಂಟ್ ಎಂದು ಹೆಸರು. ಆಡುಮಾತಿನಲ್ಲಿ ವಿಎ.

ಅಮೆರಿಕದ ಮನೆ ಏಜೆಂಟರಲ್ಲಿ ಬಹುಪಾಲು ಜನ ಸಂಬಳಕ್ಕಿರುವವರಲ್ಲ. ಮನೆ ಕೈಬದಲಾದರೆ ಕಮಿಷನ್, ಇಲ್ಲದಿದ್ದರೆ ಏನೂ ಇಲ್ಲ. 1908ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಸಂಘವೊಂದರಲ್ಲೇ ಸುಮಾರು 15 ಲಕ್ಷ ಸದಸ್ಯರಿದ್ದಾರೆ. ಅಷ್ಟು ಪೈಪೋಟಿಯ ನಡುವೆ ಏಜೆಂಟ್ ದಿನವಿಡೀ ಕಾರಿನಲ್ಲಿರಬೇಕು, ಮನೆ ತೋರಿಸಬೇಕು, ಗಿರಾಕಿಯ ಎದುರು ಕೂರಬೇಕು. ಹಿಂದೆ ಉಳಿಯುವ ಫೋನು, ಕಡತ, ಫೋಟೋ, ನೆನಪೋಲೆಗಳ ರಾಶಿ ವಿಎ ತಂಡದ ಪಾಲು.

ಈ ಏರ್ಪಾಟಿನ ಆರಂಭದ ಕಥೆಯಲ್ಲಿ ಬೆಂಗಳೂರಿಗೂ ಜಾಗವಿದೆ. ಕರ್ನಾಟಕದ ಐಟಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ವಿವೇಕ್ ಕುಲಕರ್ಣಿ ಸರ್ಕಾರಿ ನೌಕರಿ ಬಿಟ್ಟ ಮೇಲೆ ಕಟ್ಟಿದ ಬ್ರಿಕ್‌ವರ್ಕ್ ಸಂಸ್ಥೆ, ದೂರದ ದೇಶದ ಸಾಹೇಬರಿಗೆ ಇಲ್ಲಿಂದಲೇ ಆಪ್ತ ಸಹಾಯಕರನ್ನು ಒದಗಿಸುತ್ತಿತ್ತು. 2005ರಲ್ಲಿ ಅಮೆರಿಕದ ಬರಹಗಾರ ಎ.ಜೆ. ಜೇಕಬ್ಸ್ ತನ್ನ ಕಚೇರಿ ಕೆಲಸಗಳನ್ನು ಆ ಸಂಸ್ಥೆಯ ಸಹಾಯಕಿಗೆ ವಹಿಸಿ, ಆ ಅನುಭವವನ್ನು ಎಸ್ಕ್ವಾಯರ್ ಪತ್ರಿಕೆಯಲ್ಲಿ ಬರೆದಾಗ ಅದು ದೊಡ್ಡ ಸುದ್ದಿಯಾಯಿತು. ಆದರೆ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ 2010ರ ಆಸುಪಾಸಿಗೆ ಫಿಲಿಪ್ಪೀನ್ಸ್ ಭಾರತವನ್ನು ಹಿಂದೆ ಹಾಕಿತು. ಅದಕ್ಕೆ ಇತಿಹಾಸದ ಕಾರಣವಿದೆ. 1898ರಿಂದ 1946ರವರೆಗೆ ಆ ದೇಶವನ್ನು ಬಹುಪಾಲು ಕಾಲ ಆಳಿದವರು ಅಮೆರಿಕನ್ನರು. 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಬಂದಿಳಿದ ನೂರಾರು ಅಮೆರಿಕನ್ ಮೇಷ್ಟರುಗಳು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಬಿತ್ತಿದರು. ಅಮೆರಿಕದ ಮಾತಿನ ಧಾಟಿ, ಹಬ್ಬಹರಿದಿನ, ಬ್ಯಾಸ್ಕೆಟ್‌ಬಾಲ್ ಹುಚ್ಚು ಇವೆಲ್ಲ ಅಲ್ಲಿನ ಮಕ್ಕಳಿಗೆ ಹುಟ್ಟಿನಿಂದಲೇ ಪರಿಚಿತ.

ಲಾಸ್ ಏಂಜಲೀಸಿಗಿಂತ ಮನಿಲಾದ ಗಡಿಯಾರ ಬೇಸಿಗೆಯಲ್ಲಿ 15 ಗಂಟೆ ಮುಂದೆ, ಚಳಿಗಾಲದಲ್ಲಿ 16 ಗಂಟೆ ಮುಂದೆ. ಬೇಸಿಗೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಬೆಳಗಿನ ಎಂಟಾದರೆ ಮನಿಲಾದಲ್ಲಿ ರಾತ್ರಿ ಹನ್ನೊಂದು. ಏಳೆಂಟು ಜನರ ತಂಡವೊಂದರ ಕೆಲಸ ಶುರುವಾಗುವುದು ಆ ಹೊತ್ತಿಗೆ. ಮಕ್ಕಳನ್ನು ಮಲಗಿಸಿ ಬಂದ ತಾಯಂದಿರು, ಹೋಟೆಲ್ ಮ್ಯಾನೇಜ್‌ಮೆಂಟೋ ನರ್ಸಿಂಗೋ ಓದಿಕೊಂಡವರು, ಕಾಲ್ ಸೆಂಟರ್ ಬಿಟ್ಟು ಬಂದವರು ಒಬ್ಬೊಬ್ಬರಾಗಿ ಪರದೆಯ ಮೇಲೆ ಹಾಜರಾಗುತ್ತಾರೆ. ಹಿರಿಯ ಸಹೋದ್ಯೋಗಿಯನ್ನು ಬರಿಯ ಹೆಸರು ಹಿಡಿದು ಕರೆಯುವುದು ಅಲ್ಲಿ ಕಡಿಮೆ. ಅಕ್ಕನೆಂಬ ಅರ್ಥದಲ್ಲಿ ‘ಆತೆ’, ಅಣ್ಣನೆಂಬ ಅರ್ಥದಲ್ಲಿ ‘ಕುಯಾ’ ಎನ್ನುತ್ತಾರೆ.

ಮೊದಲ ಹತ್ತು ಹದಿನೈದು ನಿಮಿಷ ತಂಡದ ಕೂಟ. ಕ್ಯಾಲಿಫೋರ್ನಿಯಾದ ರಾತ್ರಿಯಲ್ಲಿ ಯಾವ ವಿಚಾರಣೆಗಳು ಬಂದಿವೆ, ಇವತ್ತು ಯಾವ ಗಡುವು ಮುಗಿಯುತ್ತದೆ, ಯಾವ ಏಜೆಂಟ್ ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬ ಮಾತು. ಜಿಲ್ಲೋದಂಥ ತಾಣದಲ್ಲಿ ಮನೆ ನೋಡಿ ‘ವಿವರ ಬೇಕು’ ಎಂದು ಒತ್ತಿದವರು ಅಷ್ಟೇ ಹೊತ್ತಿನಲ್ಲಿ ಇನ್ನೂ ನಾಲ್ಕು ಕಡೆ ಒತ್ತಿರಬಹುದು. ಮೊದಲು ಮಾತಾಡಿಸಿದವರಿಗೆ ಗಿರಾಕಿ ಒಲಿಯುವ ಸಂಭವ ಹೆಚ್ಚು. ಆದ್ದರಿಂದ ವಿಚಾರಣೆಗಳನ್ನು ಸೋಸಿ, ಸಾಲಕ್ಕೆ ಬ್ಯಾಂಕಿನ ಪೂರ್ವಾನುಮತಿ ಪಡೆದವರು ಯಾರು, ಸುಮ್ಮನೆ ಬೆಲೆ ಕೇಳಿದವರು ಯಾರು ಎಂದು ಬೇರೆ ಮಾಡಿ ಏಜೆಂಟರ ಕೈಗೆ ಕೊಡುವುದು ದಿನದ ಮೊದಲ ಕೆಲಸ.

ಆಮೇಲೆ ಹೊರಕರೆಗಳು. ಏಜೆಂಟರ ಮೂಲಕ ಮಾರಾಟಕ್ಕಿಟ್ಟು ಅವಧಿ ಮುಗಿದರೂ ಹೋಗದ ಮನೆಗಳು, ಮಾಲೀಕರೇ ಮಾರಲು ಹೊರಟ ಮನೆಗಳು, ಹೀಗೆ ಪಟ್ಟಿಗಳಿರುತ್ತವೆ. ಏಕಕಾಲಕ್ಕೆ ಎರಡು ಮೂರು ನಂಬರಿಗೆ ಫೋನು ಹಚ್ಚುವ ಡಯಲರ್ ಇರುತ್ತದೆ. ಇದನ್ನೇ ದಿನವಿಡೀ ಮಾಡುವವರ ಸಹನೆ ದೊಡ್ಡದು. ನೂರು ಕರೆಯಲ್ಲಿ ಬಹುತೇಕ ಯಾರೂ ಎತ್ತುವುದಿಲ್ಲ, ಎತ್ತಿದವರಲ್ಲಿ ಅರ್ಧ ಜನ ಗದರುತ್ತಾರೆ. ಮೇಲೆ ಕಾನೂನಿನ ಬೇಲಿ ಬೇರೆ. ಫೋನ್ ಎತ್ತುವವರ ಊರಿನ ಗಡಿಯಾರದಲ್ಲಿ ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಕರೆ ಮಾಡುವಂತಿಲ್ಲ. ‘ನನಗೆ ಕರೆ ಬೇಡ’ ಎಂದು 2003ರಲ್ಲಿ ಶುರುವಾದ ರಾಷ್ಟ್ರೀಯ ದಾಖಲೆಯಲ್ಲಿ ಹೆಸರು ಬರೆಸಿದವರ ನಂಬರನ್ನು ಪಟ್ಟಿಯಿಂದ ಮೊದಲೇ ತೆಗೆಯಬೇಕು.

ಲೈಸೆನ್ಸಿನ ಗೆರೆ ಇದಕ್ಕಿಂತ ಸೂಕ್ಷ್ಮ. ಲೈಸೆನ್ಸಿಲ್ಲದ ಸಹಾಯಕರು ಫೋನಿನಲ್ಲಿ ಏನು ಆಡಬಹುದು, ಏನು ಆಡಬಾರದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ರಿಯಲ್ ಎಸ್ಟೇಟ್ ಇಲಾಖೆಯ ಮಾರ್ಗಸೂಚಿ ಇದೆ. ಮನೆ ಮಾರುವ ಆಸಕ್ತಿ ಇದೆಯೇ ಎಂದು ಕೇಳಬಹುದು. ಇದೆ ಎಂದರೆ ಏಜೆಂಟರ ಜತೆ ಮಾತಿಗೆ ಸಮಯ ಗೊತ್ತು ಮಾಡಬಹುದು. ‘ನಮ್ಮವರ ಮೂಲಕವೇ ಮಾರಿ’ ಎಂದು ಓಲೈಸುವಂತಿಲ್ಲ. ಬೆಲೆ, ಷರತ್ತುಗಳ ಚೌಕಾಸಿಗೆ ಇಳಿಯುವಂತಿಲ್ಲ. ಆ ಬೀದಿಯ ದರವೆಲ್ಲ ಬಾಯಿಪಾಠವಿರುವ ವಿಎಗೂ ‘ನನ್ನ ಮನೆಗೆ ಎಷ್ಟು ಬಂದೀತು?’ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ಅದನ್ನು ಏಜೆಂಟರೇ ನಿಮಗೆ ಹೇಳುತ್ತಾರೆ. ಗೊತ್ತಿದ್ದೂ ಹೇಳದಿರುವ ಈ ಸಂಯಮವನ್ನು ಹೊಸಬರಿಗೆ ಕಲಿಸಲು ಹೆಚ್ಚು ಸಮಯ ಹಿಡಿಯುತ್ತದೆ.

ಇನ್ನೊಂದು ಮೇಜಿನಲ್ಲಿ ಹೊಸ ಮನೆಯೊಂದನ್ನು ಪಟ್ಟಿಗೆ ಏರಿಸುವ ಕೆಲಸ. ಅಮೆರಿಕದ ಏಜೆಂಟರು ತಮ್ಮ ಕೈಯಲ್ಲಿರುವ ಮನೆಗಳನ್ನು ಎಮ್‌ಎಲ್‌ಎಸ್ ಎಂಬ ಸಾಮೂಹಿಕ ಪಟ್ಟಿಯಲ್ಲಿ ಹಂಚಿಕೊಳ್ಳುತ್ತಾರೆ. ಇಂಥವು ಆ ದೇಶದಲ್ಲಿ ಸುಮಾರು 500 ಇವೆ. ನಮ್ಮಲ್ಲಿ ರೇರಾ ಕಾಯ್ದೆ ಬಂದ ಮೇಲೆ ಏಜೆಂಟರ ನೋಂದಣಿ ಕಡ್ಡಾಯವಾಯಿತಾದರೂ ಎಲ್ಲರ ಮನೆಗಳೂ ಒಟ್ಟಿಗೆ ಸಿಗುವ ಅಂಥ ಪಟ್ಟಿ ಇಲ್ಲ. ಅಮೆರಿಕದಲ್ಲಾದರೆ ಮನೆಯ ಮುಂದೆ ಬೋರ್ಡು ನೆಟ್ಟೋ ಫೇಸ್‌ಬುಕ್ಕಿಗೆ ಹಾಕಿಯೋ ಸಾರ್ವಜನಿಕ ಪ್ರಚಾರ ಶುರು ಮಾಡಿದರೆ ಒಂದು ಕೆಲಸದ ದಿನದೊಳಗೆ ಅದನ್ನು ಎಮ್‌ಎಲ್‌ಎಸ್‌ಗೆ ಸೇರಿಸಬೇಕೆಂಬುದು ರಿಯಲ್ಟರ್ಸ್ ಸಂಘದ ನಿಯಮ. ಏಜೆಂಟ್ ಬೆಳಿಗ್ಗೆ ಬೋರ್ಡು ನೆಟ್ಟು ಸುಮ್ಮನಾದರೆ ವಿಎ ಕೂಡಲೇ ಎಚ್ಚರಿಸಬೇಕು.

ಮನೆಯ ವರ್ಣನೆ ಬರೆಯುವಾಗ 1968ರ ಫೇರ್ ಹೌಸಿಂಗ್ ಕಾಯ್ದೆ ತಲೆಯಲ್ಲಿರಬೇಕು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆ ಅದು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಕೊಡುವುದು, ಬಿಡುವುದು ನಿಷಿದ್ಧ. ಮುಂದೆ ಲಿಂಗ, ಅಂಗವೈಕಲ್ಯ, ಮಕ್ಕಳಿರುವ ಕುಟುಂಬ ಎಂಬುವೂ ಸೇರಿದವು. ಆದ್ದರಿಂದ ‘ನವದಂಪತಿಗೆ ಹೇಳಿ ಮಾಡಿಸಿದ ಮನೆ’ ಎಂದೋ ‘ಒಳ್ಳೆಯ ಕ್ರೈಸ್ತ ಕುಟುಂಬಗಳಿರುವ ಬೀದಿ’ ಎಂದೋ ಬರೆದರೆ ಕೆಟ್ಟಿತು. ಮೂರು ಮಲಗುವ ಕೋಣೆ, ಹಿತ್ತಲಿನಲ್ಲಿ ನಿಂಬೆ ಗಿಡ, ಕಳೆದ ವರ್ಷ ಹೊಸದಾಗಿ ಹೊದಿಸಿದ ಮಾಡು ಎಂದು ಮನೆಯನ್ನು ವರ್ಣಿಸಬೇಕೇ ಹೊರತು ಅಲ್ಲಿ ಯಾರು ವಾಸಿಸಬೇಕೆಂಬುದನ್ನಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬಾಡಿಗೆ ಬೋರ್ಡುಗಳನ್ನು ನೋಡುತ್ತ ಓಡಾಡುವ ನಮ್ಮ ನಗರಗಳ ಜನ ಈ ನಿಯಮವನ್ನು ಒಂದು ಕ್ಷಣ ನಿಂತು ಓದಬೇಕು.

ಇಡೀ ತಂಡದಲ್ಲಿ ಹೆಚ್ಚಿನ ಜವಾಬ್ದಾರಿ ಇರುವುದು ಟ್ರಾನ್ಸಾಕ್ಷನ್ ಕೋಆರ್ಡಿನೇಟರ್, ಅಂದರೆ ಟಿಸಿಯ ಮೇಲೆ. ಕರಾರಾದಲ್ಲಿಂದ ಕೀಲಿಕೈ ಕೊಡುವವರೆಗಿನ ಕಡತ ಅವರದು. ಅವರ ಲೆಕ್ಕ ಎಷ್ಟು ನಾಜೂಕಿನದೆಂದು ತಿಳಿಯಲು ಒಂದು ಉದಾಹರಣೆ ಸಾಕು. 2025ರ ಮೇ 2, ಶುಕ್ರವಾರ ಸಂಜೆ 6 ಗಂಟೆಗೆ ಸಹಿಯಾದ ಪ್ರತಿ ಲಾಸ್ ಏಂಜಲೀಸಿನಲ್ಲಿ ಎದುರು ಪಕ್ಷದ ಕೈಸೇರಿತು ಎಂದಿಟ್ಟುಕೊಳ್ಳಿ. ಆಗ ಮನಿಲಾದಲ್ಲಿ ಶನಿವಾರ, ಮೇ 3, ಬೆಳಿಗ್ಗೆ 9. ಲೆಕ್ಕದ ಮೊದಲ ದಿನ ಕರಾರಾದ ಮರುದಿನ, ಅಂದರೆ ಕ್ಯಾಲಿಫೋರ್ನಿಯಾದ ಶನಿವಾರ. ಮುಂಗಡಕ್ಕೆ ಕೆಲಸದ ದಿನಗಳಷ್ಟೇ ಲೆಕ್ಕವಾದ್ದರಿಂದ ಅದರ ಗಡುವು ಬುಧವಾರ, ಮೇ 7. ಮಾರುವವರ ವಿವರಗಳಿಗೆ ಮೇ 9. ಹದಿನೇಳನೆಯ ದಿನ ಸೋಮವಾರ, ಮೇ 19. ಮೂವತ್ತನೆಯ ದಿನ ವ್ಯವಹಾರ ಮುಗಿಸುವುದೆಂದು ಬರೆದಿದ್ದರೆ ಅದು ಜೂನ್ 1, ಭಾನುವಾರ. ಬ್ಯಾಂಕೂ ಇಲ್ಲ, ನೋಂದಣಿ ಕಚೇರಿಯೂ ಇಲ್ಲ. ಹಣ ಎಂದು ಕಳಿಸುವುದು, ಸಾಮಾನು ಸಾಗಿಸುವ ಲಾರಿ ಎಂದು ಬರಬೇಕು ಎಂಬುದನ್ನು ಟಿಸಿ ಮೇ ಮೊದಲ ವಾರದಲ್ಲೇ ಎರಡೂ ಕಡೆಯವರಿಗೆ ನೆನಪಿಸುತ್ತಾರೆ.

ಟಿಸಿ ಕೈತಪ್ಪಿ ಮನಿಲಾದ ತಾರೀಕನ್ನು ಕರಾರಿನ ದಿನವೆಂದು ಬರೆದುಕೊಂಡರೆ ಎಲ್ಲ ಗಡುವೂ ಒಂದು ದಿನ ಜಾರುತ್ತದೆ. ಮೇ 19ರ ಬದಲು 20 ಎಂದು ನಂಬಿ ಕೂತರೆ, ಅಷ್ಟರಲ್ಲಿ ಮಾರುವವರ ಕಡೆಯಿಂದ ‘ಎರಡು ದಿನದಲ್ಲಿ ತಪಾಸಣೆ, ಸಾಲದ ಷರತ್ತು ಬಿಟ್ಟುಕೊಡಿ, ಇಲ್ಲವೇ ಕರಾರು ರದ್ದು’ ಎಂಬ ನೋಟಿಸು ಬರಬಹುದು. ಸಾಲ ಖಾತ್ರಿಯಾಗುವ ಮೊದಲೇ ಅವಸರದಲ್ಲಿ ಷರತ್ತು ಬಿಟ್ಟುಕೊಟ್ಟರೆ ಆಗುವ ನಷ್ಟ ಇನ್ನೂ ದೊಡ್ಡದು. ಮುಂದೆ ಹಿಂಜರಿದ ಕೊಳ್ಳುವವರು ಬೆಲೆಯ ಶೇಕಡ 3ರವರೆಗಿನ ಮುಂಗಡ ಕಳೆದುಕೊಳ್ಳಬಹುದು. ಹತ್ತು ಲಕ್ಷ ಡಾಲರಿನ ಮನೆಗೆ ಅದು 30,000 ಡಾಲರ್. ಹಾಗಾಗಿ ಅನುಭವಿ ಟಿಸಿಗಳ ಕಂಪ್ಯೂಟರಿನ ಗಡಿಯಾರ ಸದಾ ಕ್ಯಾಲಿಫೋರ್ನಿಯಾದ ಸಮಯವನ್ನೇ ತೋರಿಸುತ್ತಿರುತ್ತದೆ.

ಮನೆ 1978ಕ್ಕಿಂತ ಹಿಂದಿನದಾದರೆ ಗೋಡೆಯ ಬಣ್ಣದಲ್ಲಿ ಸೀಸವಿರಬಹುದೆಂಬ ಎಚ್ಚರಿಕೆ ಪತ್ರ ಮತ್ತು ಸರ್ಕಾರದ ಕಿರುಹೊತ್ತಗೆ ಕಡತಕ್ಕೆ ಸೇರಬೇಕು. ಭೂಕಂಪ, ಪ್ರವಾಹ, ಕಾಳ್ಗಿಚ್ಚಿನ ವಲಯದ ವರದಿ ಬೇರೆ. ಸಾಲದ ಅಂತಿಮ ಲೆಕ್ಕಪತ್ರ ವ್ಯವಹಾರ ಮುಗಿಯುವ 3 ಕೆಲಸದ ದಿನ ಮೊದಲೇ ಕೊಳ್ಳುವವರ ಕೈಗೆ ಬಂದಿರಬೇಕು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳೂ ಡಾಕ್ಯುಸೈನ್ ಎಂಬ ಇ-ಸಹಿ ಸೇವೆಯಲ್ಲಿ ಇಂಥ ಕಾಗದಗಳಿಗೆ ಒಂದರ ಹಿಂದೊಂದು ಸಹಿ ಹಾಕಿದವರೇ. ಸಹಿಯ ಜಾಗಕ್ಕೆಲ್ಲ ಹಳದಿ ಗುರುತು ಹಚ್ಚಿ ಕಳಿಸಿದ ಕೈ ಮನಿಲಾದ್ದಿರಬಹುದು.

ಟಿಸಿಗಳು ನಿಜಕ್ಕೂ ಹೆದರುವುದು ಹಣದ ಕಳ್ಳರಿಗೆ. ಎರಡೂ ಕಡೆಯ ಹಣ, ಕಾಗದ ಹಿಡಿದಿಟ್ಟುಕೊಳ್ಳುವ ಮಧ್ಯಸ್ಥ ಸಂಸ್ಥೆಯಾದ ಎಸ್ಕ್ರೋ ಕಚೇರಿಯ ಹೆಸರಿನಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ’ ಎಂಬ ನಕಲಿ ಮಿಂಚಂಚೆ ಕೊನೆಯ ವಾರದಲ್ಲಿ ಕೊಳ್ಳುವವರಿಗೆ ಬರುತ್ತದೆ. ಹಾಗೆ ಹೋದ ಹಣ ಮರಳುವುದು ಕಷ್ಟ. ಒಳ್ಳೆಯ ತಂಡಗಳಲ್ಲಿ ಖಾತೆ ವಿವರವನ್ನು ಮಿಂಚಂಚೆಯಲ್ಲಿ ಮುಂದೆ ಕಳಿಸುವುದೇ ಇಲ್ಲ. ಮೊದಲಿನಿಂದ ಗೊತ್ತಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿಕೊಳ್ಳಿ ಎಂದು ಕೊಳ್ಳುವವರಿಗೆ ಮತ್ತೆ ಮತ್ತೆ ಹೇಳುತ್ತಾರೆ.

ರಾತ್ರಿ ಮೂರು ಗಂಟೆಗೆ ಊಟದ ಬಿಡುವು. ಅನ್ನ, ಮೀನು, ಕಾಫಿ. ಮತ್ತೆ ಕೆಲಸ.

ಈಚಿನ ಎರಡು ಬದಲಾವಣೆಗಳು ಈ ಮೇಜುಗಳನ್ನೂ ಮುಟ್ಟಿವೆ. ಕಮಿಷನ್ ಕುರಿತ ದೊಡ್ಡ ಮೊಕದ್ದಮೆಗಳ ರಾಜಿಯ ಫಲವಾಗಿ 2024ರ ಆಗಸ್ಟ್ 17ರಿಂದ, ಎಮ್‌ಎಲ್‌ಎಸ್ ಬಳಸುವ ಏಜೆಂಟರು ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ಆ ಒಪ್ಪಂದ ಸಹಿಯಾಗಿದೆಯೇ ಎಂದು ನೋಡಿಯೇ ವಿಎ ಮನೆ ನೋಡುವ ಸಮಯ ಗೊತ್ತು ಮಾಡುತ್ತಾರೆ. ಎರಡನೆಯದು ಕೃತಕ ಬುದ್ಧಿಮತ್ತೆ. ಮನೆಯ ವರ್ಣನೆಯ ಮೊದಲ ಕರಡನ್ನು ಯಂತ್ರವೇ ಬರೆದುಕೊಡುತ್ತದೆ. ಇಲ್ಲದ ಈಜುಕೊಳವನ್ನು ಅದು ಸೇರಿಸಿದೆಯೇ ಎಂದು ನೋಡುವ ಕಣ್ಣು ಮನುಷ್ಯರದೇ. ಯಂತ್ರದ ದನಿಯಲ್ಲಿ ಕರೆ ಮಾಡುವುದಕ್ಕೂ ಹಳೆಯ ರೋಬೋಕಾಲ್ ಕಾನೂನು ಅನ್ವಯಿಸುತ್ತದೆಂದು ಅಮೆರಿಕದ ಸಂಪರ್ಕ ಆಯೋಗ 2024ರ ಫೆಬ್ರುವರಿಯಲ್ಲಿ ಸಾರಿತು.

ಇಷ್ಟು ಭಾರ ಹೊರುವವರ ಸ್ಥಿತಿಗತಿ ಒಂದೇ ತೆರನಾಗಿಲ್ಲ. ಫಿಲಿಪ್ಪೀನ್ಸಿನ ಕಾರ್ಮಿಕ ಕಾನೂನಿನಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ದುಡಿಮೆಗೆ ಕನಿಷ್ಠ ಶೇಕಡ 10 ಹೆಚ್ಚುವರಿ ಕೂಲಿ ಕೊಡಬೇಕು. ಡಿಸೆಂಬರ್ 24ರೊಳಗೆ ಹದಿಮೂರನೆಯ ತಿಂಗಳ ಸಂಬಳವೂ ಕೈಗೆ ಬರಬೇಕು. ಆದರೆ ಇವು ನೌಕರರ ಹಕ್ಕುಗಳು. ಏಜೆಂಟರ ಜತೆ ನೇರವಾಗಿ ಗುತ್ತಿಗೆಗೆ ದುಡಿಯುವ ಬಹಳಷ್ಟು ವಿಎಗಳು ಕಾಗದದ ಮೇಲೆ ಸ್ವತಂತ್ರ ವೃತ್ತಿಯವರು. ಅವರಿಗೆ ಸಿಗುವುದು ಮಾತುಕತೆಯಲ್ಲಿ ಗಿಟ್ಟಿಸಿಕೊಂಡದ್ದಷ್ಟೇ. ಹತ್ತು ಲಕ್ಷ ಡಾಲರಿನ ಕಡತಕ್ಕೆ ಹೊಣೆಯಾಗಿ ವರ್ಷಗಟ್ಟಲೆ ನಿದ್ದೆ ಕೊಟ್ಟವರಿಗೆ ರಾತ್ರಿಯ ಕೂಲಿ ದಾನದ ರೂಪದಲ್ಲಿ ಬರಬಾರದು, ಹಕ್ಕಿನ ರೂಪದಲ್ಲಿ ಬರಬೇಕು.

ಬೆಳಿಗ್ಗೆ ಏಳೂವರೆಗೆ ಟಿಪ್ಪಣಿ ಬರೆಯುವ ಹೊತ್ತು. ಪ್ರತಿ ಕಡತದಲ್ಲಿ ಏನಾಯಿತು, ಯಾರ ಸಹಿ ಬಾಕಿ, ಮುಂದಿನ ಗಡುವು ಯಾವುದು ಎಂಬುದೆಲ್ಲ ಎರಡು ಮೂರು ಸಾಲಿನಲ್ಲಿ, ಕಡತವನ್ನೇ ಕಾಣದವರಿಗೂ ಅರ್ಥವಾಗುವಂತೆ ಇರಬೇಕು. ಅದಕ್ಕೆ ಕಾರಣವಿದೆ: 2021ರ ಡಿಸೆಂಬರಿನಲ್ಲಿ ಒಡೆಟ್ ಚಂಡಮಾರುತ ಬಡಿದಾಗ ಸೆಬುವಿನ ಎಷ್ಟೋ ಬಡಾವಣೆಗಳಿಗೆ ವಾರಗಟ್ಟಲೆ ಕರೆಂಟು ಇರಲಿಲ್ಲ. ಕ್ಯಾಲಿಫೋರ್ನಿಯಾದ ಕರಾರಿನ ಗಡುವುಗಳು ಅದಕ್ಕಾಗಿ ನಿಲ್ಲುವುದಿಲ್ಲ. ಆದ್ದರಿಂದ ಎಚ್ಚರವುಳ್ಳ ತಂಡಗಳು ಮನೆಯಲ್ಲಿ ಎರಡು ಬೇರೆ ಕಂಪನಿಗಳ ಇಂಟರ್ನೆಟ್ಟು, ಬ್ಯಾಟರಿ ಬ್ಯಾಕಪ್ಪು ಇಟ್ಟುಕೊಳ್ಳುವುದರ ಜತೆಗೆ, ಪ್ರತಿ ಕಡತಕ್ಕೂ ಬೇರೊಂದು ದ್ವೀಪದಲ್ಲಿರುವ ಸಹೋದ್ಯೋಗಿಯನ್ನು ಎರಡನೆಯ ಹೊಣೆಗಾರರೆಂದು ಗೊತ್ತು ಮಾಡಿರುತ್ತವೆ. ಸೆಬುವಿನ ದೀಪ ಆರಿದ ರಾತ್ರಿ ದಾವಾವೊದವರು ಆ ಟಿಪ್ಪಣಿಯನ್ನಷ್ಟೇ ಓದಿಕೊಂಡು ಅರ್ಧ ಗಂಟೆಯೊಳಗೆ ಎಸ್ಕ್ರೋ ಕಚೇರಿಗೆ ಫೋನ್ ಹಚ್ಚುವಂತಿರಬೇಕು.