ತಟ್ಟೆಯ ಮೇಲೆ ಬೆಳೆಯದ ಜೀವಿಗಳು: ಸೂಕ್ಷ್ಮಜೀವಿಗಳ ವಿಕಾಸ ಮತ್ತು ಪರಿಸರದ ವ್ಯಾಸಂಗವನ್ನು ಕುರಿತು

ಸೂಕ್ಷ್ಮಜೀವಿ ವಿಜ್ಞಾನದ ಎಂ.ಎಸ್ಸಿ. ತರಗತಿಯನ್ನು ಸೇರಿದ ವಿದ್ಯಾರ್ಥಿಗೆ ಮೊದಮೊದಲು ಕೊಡುವ ಪ್ರಯೋಗಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಗಳ ಎಣಿಕೆಯೂ ಒಂದು. ಒಂದು ಗ್ರಾಂ ಮಣ್ಣನ್ನು ಕುದಿಸಿ ಶುದ್ಧಮಾಡಿದ ನೀರಿನಲ್ಲಿ ಕಲಕಿ, ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತ ಹೋಗಿ, ಕೊನೆಯ ಕೊಳವೆಗಳಿಂದ ಒಂದಿಷ್ಟನ್ನು ಅಗರ್ ತಟ್ಟೆಯ ಮೇಲೆ ಹರಡಿ, ಎರಡು ದಿನ ಬೆಚ್ಚಗಿಟ್ಟು, ಮೂಡಿದ ಕಾಲೊನಿಗಳನ್ನು ಎಣಿಸಿ, ತೆಳುಗೊಳಿಸಿದ ಪ್ರಮಾಣದಿಂದ ಗುಣಿಸುವುದು. ಲೆಕ್ಕ ಸುಲಭ, ಉತ್ತರವೂ ಅಚ್ಚುಕಟ್ಟು. ಆದರೆ ಅದೇ ಮಣ್ಣಿಗೆ ಅಕ್ರಿಡೀನ್ ಆರೆಂಜ್ ಎಂಬ ಹೊಳೆಯುವ ಬಣ್ಣವನ್ನು ಕೊಟ್ಟು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರೆ ಸಂಖ್ಯೆ ಎಲ್ಲಿಯೋ ಹೋಗಿ ನಿಲ್ಲುವುದು. ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ನೂರು ಕೋಟಿಯ ಆಸುಪಾಸಿನಲ್ಲಿ ಜೀವಕೋಶಗಳಿರುವುದು ಸಾಮಾನ್ಯ. ತಟ್ಟೆಯ ಮೇಲೆ ಮೂಡುವುವು ಬಹುಮಟ್ಟಿಗೆ ಅವುಗಳ ನೂರರಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ. ಈ ವ್ಯತ್ಯಾಸವು ಬಹುಕಾಲದಿಂದ ತಿಳಿದುದೇ ಆಗಿದ್ದಿತು. 1985ರಲ್ಲಿ ಸ್ಟೇಲಿ ಮತ್ತು ಕೊನೋಪ್ಕ ಎಂಬ ವಿಜ್ಞಾನಿಗಳು ಇದನ್ನು ‘ತಟ್ಟೆ ಎಣಿಕೆಯ ಮಹಾ ಅಸಂಗತಿ’ ಎಂದು ಕರೆದರು.

ಉಳಿದ ತೊಂಬತ್ತೊಂಬತ್ತು ಪಾಲು ಎಲ್ಲಿ ಹೋಯಿತು? ಕೆಲವು ಸತ್ತಿರಬಹುದು, ಕೆಲವು ಸುಪ್ತವಾಗಿರಬಹುದು. ಆದರೆ ಹಲವು ಜೀವಂತವಾಗಿಯೇ ಇದ್ದು, ನಾವು ಬಡಿಸಿದ ಊಟವನ್ನು ಒಲ್ಲದೆ ಇರುವಂಥವು. ಏಕೆ ಒಲ್ಲವು ಎಂಬುದು ಪರಿಸರಕ್ಕೆ ಸೇರಿದ ಪ್ರಶ್ನೆಯಂತೆ ತೋರುವುದು. ವಿಚಾರಿಸುತ್ತ ಹೋದರೆ ಅದು ಆ ಜೀವಿಯ ಪೂರ್ವೇತಿಹಾಸದ, ಎಂದರೆ ವಿಕಾಸದ, ಪ್ರಶ್ನೆಯೂ ಆಗುವುದು. ಪಠ್ಯಕ್ರಮದಲ್ಲಿ ಇವೆರಡನ್ನು ಬೇರೆ ಬೇರೆ ಪತ್ರಿಕೆಗಳಾಗಿ ಓದಿಸುವ ವಾಡಿಕೆ ಅನೇಕ ಕಡೆ ಉಂಟು. ಅನುಕೂಲಕ್ಕಾಗಿ ಮಾಡಿಕೊಂಡ ಈ ವಿಭಾಗವನ್ನು ವಿದ್ಯಾರ್ಥಿಯು ನಿಸರ್ಗದ್ದೇ ಎಂದು ತಿಳಿಯುವುದು ಅಪಾಯಕರ.

ಬೆಳೆಸಲಾಗದ ಜೀವಿಗಳನ್ನು ಗುರುತಿಸುವ ದಾರಿಯನ್ನು ತೆರೆದುದು ವಿಕಾಸದ ಅಧ್ಯಯನವೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಾರ್ಲ್ ವೋಸ್ ಅವರು ಎಲ್ಲ ಜೀವಕೋಶಗಳಲ್ಲಿಯೂ ಇರುವ ರೈಬೋಸೋಮಿನ ಆರ್.ಎನ್.ಎ. ಅಣುವನ್ನು ಜೀವಿಯಿಂದ ಜೀವಿಗೆ ಹೋಲಿಸಿ ನೋಡಿ, 1977ರಲ್ಲಿ ಜಾರ್ಜ್ ಫಾಕ್ಸ್ ಅವರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಮೀಥೇನ್ ಅನಿಲವನ್ನು ಉತ್ಪಾದಿಸುವ ಕೆಲವು ಸೂಕ್ಷ್ಮಜೀವಿಗಳು ಆಕಾರದಲ್ಲಿ ಬ್ಯಾಕ್ಟೀರಿಯಗಳಂತೆ ಕಂಡರೂ ವಂಶದಲ್ಲಿ ಅವುಗಳಿಂದ ಬಹುದೂರ ಎಂಬುದು ಅವರ ನಿರ್ಣಯ. ಇವೇ ಇಂದು ಆರ್ಕಿಯ ಎನಿಸಿಕೊಂಡಿವೆ. ವಂಶವೃಕ್ಷಕ್ಕಾಗಿ ಆರಿಸಿಕೊಂಡ ಈ ಅಣುವು ಕ್ರಮೇಣ ಇನ್ನೊಂದು ಉಪಯೋಗಕ್ಕೂ ಬಂದಿತು: ನೀರಿನಿಂದಾಗಲಿ ಮಣ್ಣಿನಿಂದಾಗಲಿ ನೇರವಾಗಿ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಅದರಲ್ಲಿರುವ ರೈಬೋಸೋಮಿನ ಜೀನ್‌ಗಳನ್ನು ಓದಿದರೆ, ಜೀವಿಯನ್ನು ಬೆಳೆಸದೆಯೇ ಅದು ಯಾವ ಮನೆತನದ್ದೆಂದು ಹೇಳಬಹುದು.

1990ರಲ್ಲಿ ಸ್ಟೀಫನ್ ಜಿಯೋವನ್ನೋನಿ ಮತ್ತು ಸಂಗಡಿಗರು ಅಟ್ಲಾಂಟಿಕ್ ಸಾಗರದ ಸಾರ್ಗಾಸೊ ಸಮುದ್ರದ ನೀರನ್ನು ಹೀಗೆ ಪರೀಕ್ಷಿಸಿದಾಗ, ಯಾವ ಸಂಗ್ರಹದಲ್ಲಿಯೂ ಇಲ್ಲದ ಒಂದು ಜೀನ್ ಸಮೂಹವು ದೊರೆಯಿತು. ಅದಕ್ಕೆ ಎಸ್.ಎ.ಆರ್. 11 ಎಂಬ ಗುರುತನ್ನು ಕೊಟ್ಟರು. ಮುಂದೆ ಲೋಕದ ಸಾಗರಗಳಲ್ಲೆಲ್ಲ ಅದು ಕಂಡುಬಂದಿತು. ಸಾರ್ಗಾಸೊ ಸಮುದ್ರದ ಮೇಲ್ಪದರದ ಸೂಕ್ಷ್ಮಜೀವಕೋಶಗಳಲ್ಲಿ ಸುಮಾರು ಮೂರರಲ್ಲೊಂದು ಅದರದೇ ಎಂದು ಗೊತ್ತಾಯಿತು. ಭೂಮಿಯ ಮೇಲೆ ಅತ್ಯಂತ ಹೇರಳವಾದ ಜೀವಿಗಳಲ್ಲೊಂದನ್ನು ಯಾರೂ ತಟ್ಟೆಯ ಮೇಲೆ ಕಂಡಿರಲಿಲ್ಲ!

ಅದನ್ನು ಬೆಳೆಸಲು ಹನ್ನೆರಡು ವರ್ಷ ಹಿಡಿಯಿತು. 2002ರಲ್ಲಿ ಆರೆಗಾನ್ ಕರಾವಳಿಯ ನೀರಿನಿಂದ ಅದನ್ನು ಬೇರ್ಪಡಿಸಿದ ರೀತಿಯನ್ನು ನಮ್ಮ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಸಂಶೋಧಕರು ಪೋಷಕ ಮಾಧ್ಯಮಕ್ಕೆ ಹೊಸದೇನನ್ನೋ ಸೇರಿಸುವುದಕ್ಕಿಂತ ಹೆಚ್ಚಾಗಿ ಇದ್ದುದನ್ನು ಕಡಿಮೆಮಾಡಿದರು. ಸೋಸಿ ಶುದ್ಧಮಾಡಿದ ಸಮುದ್ರದ ನೀರೇ ಮಾಧ್ಯಮ. ಒಂದೊಂದು ಗುಳಿಗೆ ಕೆಲವೇ ಜೀವಕೋಶಗಳು ಬೀಳುವಷ್ಟು ತೆಳುಗೊಳಿಸಿ ಬಿತ್ತಿ, ವಾರಗಟ್ಟಲೆ ಕಾದರು. ಕೊನೆಗೆ ಬೆಳೆದಾಗಲೂ ನೀರು ಕದಡಲಿಲ್ಲ. ಕಣ್ಣಿಗೆ ತಿಳಿನೀರಿನಂತೆಯೇ ಇದ್ದಿತು. ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಮಾತ್ರ ಜೀವಿ ಕಾಣಿಸಿತು. ಕೊಳವೆ ಕದಡಿದರೆ ಬೆಳೆ, ಇಲ್ಲವಾದರೆ ಇಲ್ಲ ಎಂಬ ನಮ್ಮ ಪ್ರಯೋಗಶಾಲೆಯ ಒಪ್ಪಿತ ಲಕ್ಷಣವನ್ನೇ ನಂಬಿದ್ದರೆ ಆ ಕೊಳವೆಗಳು ತೊಟ್ಟಿಯ ಪಾಲಾಗುತ್ತಿದ್ದುವು. ಈ ಲೇಖಕನೂ ವಿದ್ಯಾರ್ಥಿದೆಸೆಯಲ್ಲಿ ಬರಿಯ ತಟ್ಟೆಗಳನ್ನು ಮೂರನೆಯ ದಿನವೇ ತೊಳೆದಿಟ್ಟು, ದಾಖಲೆಯಲ್ಲಿ ‘ಬೆಳೆ ಇಲ್ಲ’ ಎಂದು ಬರೆದು ಪೂರ್ಣ ಅಂಕಗಳನ್ನು ಪಡೆದವನೇ.

ಪೆಲಾಜಿಬ್ಯಾಕ್ಟರ್ ಎಂಬ ಹೆಸರು ಪಡೆದ ಈ ಜೀವಿಯ ಇಡೀ ಜೀನ್ ಸಂಪತ್ತನ್ನು 2005ರಲ್ಲಿ ಓದಿದಾಗ ವಿಷಯವು ಮತ್ತಷ್ಟು ಸ್ಪಷ್ಟವಾಯಿತು. ಅದರಲ್ಲಿರುವುದು ಸುಮಾರು 13 ಲಕ್ಷ ಅಕ್ಷರಜೋಡಿಗಳು. ಎಶ್ಚರಿಶಿಯ ಕೋಲೈಯದರಲ್ಲಿ ಸುಮಾರು 46 ಲಕ್ಷ. ನಿರುಪಯುಕ್ತ ಭಾಗವೆಂಬುದು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿನ ಬ್ಯಾಕ್ಟೀರಿಯಗಳು ಸಲ್ಫೇಟಿನಿಂದ ತಮಗೆ ಬೇಕಾದ ಗಂಧಕವನ್ನು ಪಡೆಯುವ ಶಕ್ತಿಯುಳ್ಳವು. ಇದಕ್ಕೆ ಅದು ಇಲ್ಲ. ಕಡಲಿನ ಪಾಚಿಗಳು ಒದಗಿಸುವ ಗಂಧಕಯುಕ್ತ ಸಾವಯವ ವಸ್ತುಗಳೇ ಇದಕ್ಕೆ ಆಧಾರವೆಂದು 2008ರಲ್ಲಿ ತಿಳಿದುಬಂದಿತು. ಆಹಾರ ವಿರಳವಾದ ಸಾಗರದಲ್ಲಿ, ಕೋಟ್ಯಂತರ ಪೀಳಿಗೆಗಳ ಕಾಲ, ಹೊತ್ತ ಹೊರೆಯನ್ನು ಒಂದೊಂದಾಗಿ ಇಳಿಸುತ್ತ ಬಂದ ಜೀವಿ ಇದು. ಅಗರ್ ತಟ್ಟೆಯನ್ನು ಅದು ಒಲ್ಲದಿರುವುದು ಈ ಇತಿಹಾಸದ ಫಲ. ಸಮುದ್ರದ ಗುಣವನ್ನು ಅರಿಯದವನು ಅದರ ಜೀನ್‌ಗಳ ಕೊರತೆಯನ್ನು ದೋಷವೆಂದು ಓದಿಯಾನು. ಜೀನ್‌ಗಳನ್ನು ಓದದವನಿಗೆ ಯಾವ ಊಟ ಬಡಿಸಬೇಕೆಂಬುದೇ ತಿಳಿಯದು.

ಇದು ನಡೆದುಹೋದ ವಿಕಾಸವನ್ನು ಊಹಿಸುವ ಮಾರ್ಗ. ಕಣ್ಣೆದುರಿಗೇ ವಿಕಾಸವನ್ನು ನೋಡುವ ಮಾರ್ಗವೂ ಒಂದುಂಟು. ರಿಚರ್ಡ್ ಲೆನ್‌ಸ್ಕಿ ಅವರು 1988ರ ಫೆಬ್ರವರಿಯಲ್ಲಿ ಒಂದೇ ಮೂಲದ ಎಶ್ಚರಿಶಿಯ ಕೋಲೈಯನ್ನು ಹನ್ನೆರಡು ಸೀಸೆಗಳಿಗೆ ಹಂಚಿ, ಪ್ರತಿದಿನವೂ ಅದರ ನೂರರಲ್ಲೊಂದು ಭಾಗವನ್ನು ಹೊಸ ಮಾಧ್ಯಮಕ್ಕೆ ವರ್ಗಾಯಿಸುವ ಕೆಲಸವನ್ನು ಪ್ರಾರಂಭಿಸಿದರು. ದಿನಕ್ಕೆ ಆರೂವರೆಗಿಂತ ತುಸು ಹೆಚ್ಚು ಪೀಳಿಗೆಗಳು. 500 ಪೀಳಿಗೆಗಳಿಗೊಮ್ಮೆ ಒಂದು ಭಾಗವನ್ನು ಹಿಮಗಟ್ಟಿಸಿ ಇಡುವುದು. ಮಾಧ್ಯಮದಲ್ಲಿ ಅಲ್ಪ ಗ್ಲೂಕೋಸ್ ಮತ್ತು ಅದಕ್ಕಿಂತ ಹೇರಳವಾಗಿ ಸಿಟ್ರೇಟ್ ಇದ್ದಿತು. ಆಮ್ಲಜನಕವಿರುವಾಗ ಈ ಬ್ಯಾಕ್ಟೀರಿಯವು ಸಿಟ್ರೇಟನ್ನು ತಿನ್ನಲಾರದು. ಇದನ್ನು ಅದರ ಗುರುತಿನ ಪರೀಕ್ಷೆಯಾಗಿ ಬಿ.ಎಸ್ಸಿ. ತರಗತಿಯಲ್ಲಿಯೇ ಎಲ್ಲರೂ ಮಾಡಿರುತ್ತಾರೆ. ಮಾಧ್ಯಮ ಹಸುರಾಗಿಯೇ ಉಳಿದರೆ ಕೋಲೈ, ನೀಲಿಯಾದರೆ ಅಲ್ಲ. 2003ರಲ್ಲಿ, ಸುಮಾರು 31,500 ಪೀಳಿಗೆಗಳಾದ ಮೇಲೆ, ಹನ್ನೆರಡರಲ್ಲಿ ಒಂದೇ ಒಂದು ಸೀಸೆಯ ಬ್ಯಾಕ್ಟೀರಿಯಗಳು ಸಿಟ್ರೇಟನ್ನು ತಿನ್ನಲಾರಂಭಿಸಿದುವು. ಆಗ ಸಂಶೋಧನ ವಿದ್ಯಾರ್ಥಿಯಾಗಿದ್ದ ಜ಼ಕರಿ ಬ್ಲೌಂಟ್ ಅವರು ಹಿಮಗಟ್ಟಿಸಿದ್ದ ಪೂರ್ವಜರನ್ನು ಮತ್ತೆ ಎಬ್ಬಿಸಿ ಇದನ್ನು ಪರೀಕ್ಷಿಸಿದರು. 20,000 ಪೀಳಿಗೆಗಳಿಂದ ಈಚಿನ ಪೂರ್ವಜರಿಂದ ಮಾತ್ರ ಈ ಶಕ್ತಿ ಮತ್ತೆ ಹುಟ್ಟಿತು, ಹಿಂದಿನವುಗಳಿಂದ ಹುಟ್ಟಲಿಲ್ಲ. ಮೊದಲೇ ಆಗಿಹೋದ ಯಾವುದೋ ಮಾರ್ಪಾಡು ದಾರಿಯನ್ನು ಸಿದ್ಧಗೊಳಿಸಿದ್ದಿತೆಂಬುದು ಇದರ ಅರ್ಥ. 2008ರಲ್ಲಿ ಪ್ರಕಟವಾದ ಈ ಫಲಿತಾಂಶವು ಇಪ್ಪತ್ತು ವರ್ಷ ಯಾರೋ ಒಬ್ಬರು ಪ್ರತಿದಿನ, ಭಾನುವಾರವೂ, ಸೀಸೆ ಬದಲಿಸಿದುದರ ಫಲ. 2022ರಲ್ಲಿ ಈ ಪ್ರಯೋಗವು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಜೆಫ್ರಿ ಬ್ಯಾರಿಕ್ ಅವರ ಕೈಸೇರಿ ಮುಂದುವರಿದಿದೆ.

ಕಾಲದ ವಿಷಯದಲ್ಲಿ ಇದಕ್ಕಿಂತಲೂ ಕಠಿನವಾದ ಇನ್ನೊಂದು ಉದಾಹರಣೆ ಜಪಾನಿನದು. 2006ರಲ್ಲಿ ಅಲ್ಲಿನ ನಂಕೈ ಕಂದಕದ ಬಳಿ, ಎರಡೂವರೆ ಕಿಲೋಮೀಟರಿನಷ್ಟು ಆಳದ ಸಾಗರತಳದಿಂದ ತಂದ ಕೆಸರನ್ನು, ಸ್ಪಂಜುಗಳನ್ನು ಇಳಿಬಿಟ್ಟ ಒಂದು ಯಂತ್ರದಲ್ಲಿ ಮೀಥೇನ್ ಕೊಟ್ಟು 2,000 ದಿನಗಳಿಗೂ ಹೆಚ್ಚು ಕಾಲ ಪೋಷಿಸಿದರು. (ಕೊಳಚೆ ನೀರನ್ನು ಶುದ್ಧಗೊಳಿಸಲೆಂದು ರೂಪುಗೊಂಡ ಯಂತ್ರವಿದು, ಹರಿಯಾಣದ ಕರ್ನಾಲ್‌ನಲ್ಲಿಯೂ ಆ ಕೆಲಸಕ್ಕಾಗಿ ಇದನ್ನು ಪರೀಕ್ಷಿಸಿದ್ದುಂಟು.) ಬಳಿಕ ಕೊಳವೆಗಳಲ್ಲಿ ಬೆಳೆಸುತ್ತ ಬಂದು, ಒಟ್ಟು ಹನ್ನೆರಡು ವರ್ಷಗಳ ಮೇಲೆ ಒಂದು ಆರ್ಕಿಯ ಜೀವಿಯನ್ನು ಪಡೆದರು. ಅದರ ಸಂಖ್ಯೆ ಇಮ್ಮಡಿಸಲು 14ರಿಂದ 25 ದಿನಗಳು ಬೇಕು. ಕೋಲೈಗೆ ಅನುಕೂಲ ಸನ್ನಿವೇಶದಲ್ಲಿ ಇಪ್ಪತ್ತು ನಿಮಿಷ ಸಾಕು. ಇದರ ಬಂಧುಗಳ ಜೀನ್‌ಗಳು 2015ರಲ್ಲಿಯೇ ಆರ್ಕ್ಟಿಕ್ ಸಾಗರತಳದ ಕೆಸರಿನಲ್ಲಿ ದೊರೆತಿದ್ದು, ಗಿಡ, ಪ್ರಾಣಿ, ಮನುಷ್ಯರ ಜೀವಕೋಶಗಳ ಮೂಲಕ್ಕೆ ಅತಿ ಸಮೀಪದವೆಂದು ತೋರಿದ್ದುವು. 2020ರಲ್ಲಿ ಈ ವರದಿ ಅಚ್ಚಾದಾಗ ಕಂಡ ಜೀವಿಯು ತನ್ನ ಪುಟ್ಟ ದೇಹದಿಂದ ಉದ್ದನೆಯ ಕವಲುಗಳನ್ನು ಚಾಚಿ, ಮೀಥೇನ್ ಉತ್ಪಾದಿಸುವ ಇನ್ನೊಂದು ಆರ್ಕಿಯದೊಡನೆ ಕೂಡಿಯೇ ಬದುಕುವಂಥದು. ಈ ಸಹಜೀವನವನ್ನಾಗಲಿ ಈ ಆಕಾರವನ್ನಾಗಲಿ ಜೀನ್‌ಗಳ ಪಟ್ಟಿಯೊಂದರಿಂದಲೇ ಖಚಿತಪಡಿಸಲು ಸಾಧ್ಯವಿರಲಿಲ್ಲ.

ಇನ್ನು ನಮ್ಮ ವಿಭಾಗಗಳ ಮಾತು. ಎಂ.ಎಸ್ಸಿ. ವ್ಯಾಸಂಗಕ್ಕೆ ಎರಡು ವರ್ಷ. ಅದರಲ್ಲಿ ಸ್ವಂತ ಸಂಶೋಧನೆಗೆ ದೊರೆಯುವುದು ಕೆಲವೇ ತಿಂಗಳು. ಮಣ್ಣಿನಿಂದ ಡಿ.ಎನ್.ಎ. ತೆಗೆದು ಹೊರಗಿನ ಸಂಸ್ಥೆಗೆ ಕಳುಹಿಸಿದರೆ ಕೆಲವು ವಾರಗಳಲ್ಲಿ ಸಾವಿರಾರು ಹೆಸರುಗಳ ಪಟ್ಟಿ ಬಂದುಬಿಡುತ್ತದೆ. ವಿದ್ಯಾರ್ಥಿಯು ಈ ದಾರಿಯನ್ನು ಹಿಡಿಯುವುದು ಸಹಜ. ಅದನ್ನು ಸೋಮಾರಿತನವೆಂದು ಹಳಿಯುವುದು ನ್ಯಾಯವಲ್ಲ. ಆದರೆ ಆ ಪಟ್ಟಿಯನ್ನು ಓದಲು ಕಲಿಸಬೇಕು. ಕೋಲೈಯಲ್ಲಿ ರೈಬೋಸೋಮಿನ ಜೀನ್‌ನ ಏಳು ಪ್ರತಿಗಳಿವೆ, ಪೆಲಾಜಿಬ್ಯಾಕ್ಟರ್‌ನಲ್ಲಿ ಒಂದೇ. ಆದುದರಿಂದ ಜೀನ್‌ಗಳ ಎಣಿಕೆ ಜೀವಕೋಶಗಳ ಎಣಿಕೆಯಲ್ಲ. ಸತ್ತ ಜೀವಕೋಶಗಳ ಡಿ.ಎನ್.ಎ.ಯೂ ಮಣ್ಣಿನಲ್ಲಿ ಉಳಿದಿರುವುದುಂಟು. ತಟ್ಟೆಯು ಕಡಿಮೆ ಹೇಳಿ ನಮ್ಮನ್ನು ತಪ್ಪಿಸಿದರೆ, ಪಟ್ಟಿಯು ಹೆಚ್ಚು ಹೇಳಿ ತಪ್ಪಿಸೀತು.

ಒಬ್ಬ ವಿದ್ಯಾರ್ಥಿಗೆ ಹನ್ನೆರಡು ವರ್ಷವಿಲ್ಲ, ವಿಭಾಗಕ್ಕೆ ಇದೆ. ಇದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಎತ್ತರವಾದ ಗಾಜಿನ ಜಾಡಿಯಲ್ಲಿ ಊರ ಕೆರೆಯ ಕೆಸರನ್ನು, ಹರಿದ ಕಾಗದ, ಸ್ವಲ್ಪ ಜಿಪ್ಸಂ, ಸೀಮೆಸುಣ್ಣದ ಪುಡಿ ಇವುಗಳೊಡನೆ ಕಲಸಿ ತುಂಬಿ, ಮೇಲೆ ಕೆರೆಯ ನೀರನ್ನೇ ಸುರಿದು ಕಿಟಕಿಯ ಬೆಳಕಿನಲ್ಲಿಟ್ಟರೆ ವಿನೋಗ್ರಾಡ್ಸ್‌ಕಿ ಅವರ ಹೆಸರಿನ ಸ್ತಂಭವು ಸಿದ್ಧವಾಗುವುದು. ವಾರಗಳು ಕಳೆದಂತೆ ತಳದಲ್ಲಿ ಕಪ್ಪು, ಅದರ ಮೇಲೆ ಹಸುರು, ನೇರಳೆ ಪದರಗಳು ಮೂಡುವುವು. ಆಮ್ಲಜನಕವೂ ಗಂಧಕವೂ ಎಲ್ಲಿ ಸಂಧಿಸುವುವೆಂಬುದನ್ನು ಆ ಪದರಗಳೇ ತೋರಿಸುವುವು. ಇಂಥ ಜಾಡಿಯನ್ನು ಪರೀಕ್ಷೆಯ ಮರುದಿನ ಚೆಲ್ಲದೆ ಮುಂದಿನ ತಂಡಕ್ಕೆ ಒಪ್ಪಿಸಬೇಕು. ಜೊತೆಯಲ್ಲಿ ಒಂದು ಪುಸ್ತಕವಿರಲಿ: ಕೆಸರನ್ನು ತೆಗೆದ ಕೆರೆ, ದಡದಿಂದ ದೂರ, ಆಳ, ನೀರಿನ ಉಷ್ಣತೆ, ತಾರೀಖು, ನೋಡಿದವರ ರುಜು. ಬೆಳೆ ಕಾಣದ ಕೊಳವೆಗಳನ್ನು ಎಷ್ಟು ದಿನ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಚೆಲ್ಲಿದೆವೋ, ನೋಡದೆಯೇ ಚೆಲ್ಲಿದೆವೋ, ಅದನ್ನೂ ಅದರಲ್ಲಿ ಬರೆಯತಕ್ಕದ್ದು.